ಮಗುವಿನ ಶೌಚದ ಅಭ್ಯಾಸ: ಬಹುಮಾನ ಯಾವುದಕ್ಕೆ?

"ಎರಡೂವರೆ ವರ್ಷಕ್ಕ ತಾನಾ ಹೇಳತಿದ್ದ ನೋಡ್ರಿ ಸರ. ಈಗ ಮೂರೂವರಿ ಆತು, ಮತ್ತ ಚೊಣ್ಣದಾಗ ಮಾಡ್ಕೊಳ್ಳಾಕ ಹತ್ಯಾನ. ಚಾಕಲೇಟ್ ಕೊಟ್ಟೂ ನೋಡಿದ್ವಿ, ಎರಡು ಏಟು ಬಿಟ್ಟೂ ನೋಡಿದ್ವಿ. ಯಾವುದಕ್ಕೂ ಬಗ್ಗವಲ್ಲ."

ನರಗುಂದ ತಾಲ್ಲೂಕಿನ ಚಿಕ್ಕನರಗುಂದದಂತಹ ಊರುಗಳ ತಾಯಂದಿರು ಮಗುವಿನ ಜ್ವರಕ್ಕೋ ಕೆಮ್ಮಿಗೋ ಔಷಧ ಬರೆಸಿಕೊಂಡು ಎದ್ದು ನಿಂತ ಮೇಲೆ, ಬಾಗಿಲ ಬಳಿ ತಿರುಗಿ ಹೇಳುವ ಮಾತಿದು. ಇದನ್ನು ಕಾಯಿಲೆಯೆಂದು ಹೇಳಿಕೊಳ್ಳಲು ಅವರಿಗೆ ಸಂಕೋಚ. ಮನೆಯಲ್ಲಿ ಮಾತ್ರ ದಿನವೂ ಇದೇ ರಗಳೆ. ಅತ್ತೆ ಸೊಸೆಯನ್ನು ದೂರುತ್ತಾರೆ, ಗಂಡ ಹೆಂಡತಿಯನ್ನು ದೂರುತ್ತಾನೆ, ಎಲ್ಲರೂ ಸೇರಿ ಮಗುವನ್ನು ದೂರುತ್ತಾರೆ. ಆಮೇಲೆ ಪಕ್ಕದ ಮನೆಯವರೋ ಮೊಬೈಲಿನ ವಿಡಿಯೋ ನೋಡಿದವರೋ ಯಾರಾದರೂ, "ಚೊಣ್ಣ ಒಣಗಿದ್ದರೆ ಏನಾದರೂ ಬಹುಮಾನ ಕೊಡ್ರಿ" ಎಂದು ಸಲಹೆ ಕೊಡುತ್ತಾರೆ. ಬಹುಮಾನ ಕೊಡುವುದು ಒಳ್ಳೆಯದೇ. ಆದರೆ ಒಣಗಿದ ಚೊಣ್ಣಕ್ಕೆ ಕೊಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲಿಗೆ, ಗಾಬರಿಪಡುವ ಅಗತ್ಯವಿಲ್ಲ. ನಮ್ಮ ಹಳ್ಳಿಗಳಲ್ಲಿ ಕೂಸಿಗೆ ಆರು ತಿಂಗಳಾಗುವ ಮೊದಲೇ ತಾಯಿ ಅಥವಾ ಅಜ್ಜಿ ಕಾಲು ಚಾಚಿ ಕುಳಿತು, ಪಾದಗಳ ಮೇಲೆ ಕೂಸನ್ನು ಕೂರಿಸಿ "ಶ್ಶ್" ಎನ್ನುವುದು ರೂಢಿ. ಅದು ಬಹಳ ಒಳ್ಳೆಯ ರೂಢಿ. ಆದರೆ ಆಗ ಹೊತ್ತು ಅರಿತು ಕೂರಿಸುವವರು ದೊಡ್ಡವರು, ಕೂಸಲ್ಲ. ತನಗೆ ಬಂದಿದೆ ಎಂದು ತಾನೇ ತಿಳಿದು, ಅದನ್ನು ತಡೆದು, ಹೇಳಿ, ನಡೆದುಹೋಗಿ, ಚೊಣ್ಣ ಬಿಚ್ಚಿ ಕೂರುವುದು ಬೇರೆಯೇ ಕೆಲಸ. ಇದಕ್ಕೆ ನರಗಳೂ ಸ್ನಾಯುಗಳೂ ಬಲಿಯಬೇಕು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷದೊಳಗೆ ಹಗಲಿನ ಹಿಡಿತ ಬರುತ್ತದೆ. ರಾತ್ರಿಯ ಹಿಡಿತ ಇನ್ನೂ ತಡ. ಐದು ವರ್ಷ ತುಂಬಿದ ನೂರು ಮಕ್ಕಳಲ್ಲಿ ಸುಮಾರು ಹದಿನೈದು ಮಕ್ಕಳು ರಾತ್ರಿ ಹಾಸಿಗೆ ತೋಯಿಸುತ್ತಾರೆ. ಐದರೊಳಗಿನ ಮಗು ರಾತ್ರಿ ಹಾಸಿಗೆ ತೋಯಿಸಿದರೆ ವೈದ್ಯಶಾಸ್ತ್ರ ಅದನ್ನು ಕಾಯಿಲೆಯೆಂದು ಕರೆಯುವುದೇ ಇಲ್ಲ.

ಕಲಿತದ್ದು ತಪ್ಪಿಹೋಗುವುದೂ ಸರ್ವೇಸಾಮಾನ್ಯ. ಮನೆಗೆ ಇನ್ನೊಂದು ಕೂಸು ಬಂದಿರುತ್ತದೆ, ಅವ್ವನ ಮಡಿಲು ಕೈತಪ್ಪಿರುತ್ತದೆ. ಅಂಗನವಾಡಿಗೆ ಹೊಸದಾಗಿ ಹೋಗತೊಡಗಿರುತ್ತದೆ. ವಾಂತಿ-ಭೇದಿಯಾಗಿ ಎಂಟು ದಿನ ಮಲಗಿ ಎದ್ದಿರುತ್ತದೆ. ಹತ್ತಿ ಬಿಡಿಸುವ ದಿನಗಳಲ್ಲಿ ತಾಯಿ ನಸುಕಿನಲ್ಲೇ ಹೊಲಕ್ಕೆ ಹೋದರೆ ಮಗುವನ್ನು ಹೊತ್ತಿಗೆ ಸರಿಯಾಗಿ ಕೂರಿಸುವವರು ಇರುವುದಿಲ್ಲ. ಇವುಗಳ ಜೊತೆಗೆ ನಮ್ಮ ಕಡೆಯ ಒಂದು ವಿಶೇಷ ಕಾರಣವಿದೆ, ಅದನ್ನು ಯಾರೂ ಗಮನಿಸುವುದಿಲ್ಲ: ಹೊಸ ಸಂಡಾಸ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಯೋಜನೆ ಆರಂಭವಾದ ಮೇಲೆ 12,000 ರೂಪಾಯಿಯ ಪ್ರೋತ್ಸಾಹಧನದಲ್ಲಿ ಹಳ್ಳಿಹಳ್ಳಿಗಳಲ್ಲಿ ಶೌಚಾಲಯಗಳು ಎದ್ದವು. ಬಹಳ ಅಗತ್ಯವಾಗಿದ್ದ ಕೆಲಸ. ಆದರೆ ಅವುಗಳನ್ನು ಕಟ್ಟಿದ್ದು ದೊಡ್ಡವರ ಅಳತೆಗೆ. ಹಿತ್ತಲಲ್ಲಿ, ಬೆಳಕಿನಲ್ಲಿ, ಅಜ್ಜಿಯ ಕಣ್ಣೆದುರಿಗೆ ಕೂತು ರೂಢಿಯಾದ ಮೂರು ವರ್ಷದ ಮಗುವನ್ನು ಒಂದು ದಿನ ಇಕ್ಕಟ್ಟಾದ ಕತ್ತಲ ಕೋಣೆಗೆ ಕಳಿಸಿ, "ಇಲ್ಲೇ ಕೂಡು" ಎಂದರೆ ಅದಕ್ಕೆ ಹೇಗಾಗಬೇಡ? ಎರಡು ಪಾದಗಳ ನಡುವಿನ ಅಂತರ ಅದರ ಕಾಲಿಗೆ ಹೆಚ್ಚು. ನಡುವೆ ಕಪ್ಪು ತೂತು. ಬಕೆಟ್ ನೀರು ಸುರಿದಾಗ ಗುಡುಗಿನಂತಹ ಸದ್ದು. ತಾನು ಒಳಗೆ ಬಿದ್ದುಬಿಡುತ್ತೇನೆ ಎಂದೇ ಎಷ್ಟೋ ಮಕ್ಕಳು ನಂಬಿರುತ್ತವೆ. ಆ ಭಯವನ್ನು ಹೇಳಲು ಮಾತು ಬಾರದೆ ಮಗು ತಡೆದುಕೊಳ್ಳುತ್ತದೆ. ತೊಂದರೆಯ ಬೇರು ಈ ತಡೆದುಕೊಳ್ಳುವುದರಲ್ಲಿದೆ.

ತಡೆದ ಮಲ ದೊಡ್ಡ ಕರುಳಿನಲ್ಲೇ ಉಳಿಯುತ್ತದೆ. ಕರುಳು ಅದರಲ್ಲಿನ ನೀರನ್ನು ಹೀರುತ್ತಲೇ ಇರುತ್ತದೆ. ಎರಡು-ಮೂರು ದಿನಗಳಲ್ಲಿ ಮಲ ಗಟ್ಟಿಯಾಗಿ, ಹೊರಬರುವಾಗ ಗುದದ್ವಾರ ಬಿರಿದು ಉರಿಯುತ್ತದೆ. ಒಮ್ಮೆ ನೋವಾದ ಮೇಲೆ ಮಗು ಮುಂದಿನ ಸಲ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಆಗ ಅದನ್ನು ಗಮನಿಸಿ ನೋಡಿ. ತುದಿಗಾಲಿನ ಮೇಲೆ ನಿಲ್ಲುತ್ತದೆ, ಕಾಲಿಗೆ ಕಾಲು ಹೆಣೆಯುತ್ತದೆ, ಮುಖ ಕೆಂಪೇರುತ್ತದೆ, ಬಾಗಿಲ ಹಿಂದೆಯೋ ಕಾಳಿನ ಚೀಲದ ಮರೆಗೋ ಹೋಗಿ ನಿಲ್ಲುತ್ತದೆ. ತಾಯಂದಿರು, "ಪಾಪ, ತಿಣುಕ್ತಾನ್ರಿ, ಬರವಲ್ದು" ಎನ್ನುತ್ತಾರೆ. ಹೊರಹಾಕಲು ತಿಣುಕುತ್ತಿರುವುದಲ್ಲ ಅದು. ಒಳಗೆ ಹಿಡಿದಿಡಲು ಹೆಣಗುತ್ತಿರುವುದು.

ವಾರಗಟ್ಟಲೆ ಹೀಗೇ ಆದರೆ ಮಲಾಶಯ ಹಿಗ್ಗಿಹೋಗುತ್ತದೆ. ಹಿಗ್ಗಿದ ಮಲಾಶಯಕ್ಕೆ ತುಂಬಿದ್ದೇ ತಿಳಿಯದು. ಗಟ್ಟಿಯಾದ ಉಂಡೆಯ ಸುತ್ತಿನಿಂದ ತೆಳುವಾದ ಮಲ ಜಾರಿ ಬಂದು ಚೊಣ್ಣಕ್ಕೆ ಹತ್ತುತ್ತದೆ. ಇದು ಮಗುವಿಗೆ ಗೊತ್ತೇ ಆಗುವುದಿಲ್ಲ. ಮನೆಯವರು ಬೇಕಂತಲೇ ಮಾಡಿದ ಎಂದು ಹೊಡೆಯುತ್ತಾರೆ. ಕೆಲವರು ಭೇದಿಯೆಂದು ತಿಳಿದು ಅಂಗಡಿಯಿಂದ ಭೇದಿ ನಿಲ್ಲುವ ಔಷಧ ತಂದು ಹಾಕುತ್ತಾರೆ, ಮಲಬದ್ಧತೆ ಇಮ್ಮಡಿಯಾಗುತ್ತದೆ. ತುಂಬಿದ ಮಲಾಶಯ ಪಕ್ಕದಲ್ಲಿರುವ ಮೂತ್ರಕೋಶವನ್ನು ಒತ್ತುವುದರಿಂದ ಒಂದಕ್ಕೂ ಹಿಡಿತ ತಪ್ಪುತ್ತದೆ. ಹಗಲಲ್ಲಿ ಚೊಣ್ಣ ತೋಯಿಸುವ ಮಗುವಿನ ಹೊಟ್ಟೆ ಮುಟ್ಟಿ ನೋಡಿದರೆ ಎಡಭಾಗದಲ್ಲಿ ಗಟ್ಟಿಯಾದ ಮಲ ಕೈಗೆ ಸಿಗುವುದು ಅಪರೂಪವೇನಲ್ಲ.

ಈಗ ಬಹುಮಾನದ ವಿಷಯಕ್ಕೆ ಬನ್ನಿ. ಇಂತಹ ಮಗುವಿಗೆ, "ಇವತ್ತು ಚೊಣ್ಣ ಹೊಲಸಾಗದಿದ್ದರೆ ಚಾಕಲೇಟ್" ಎಂದು ಆಸೆ ತೋರಿಸಿದರೆ ಅದು ಏನು ಮಾಡೀತು? ಇನ್ನೂ ಗಟ್ಟಿಯಾಗಿ ತಡೆದುಕೊಳ್ಳುತ್ತದೆ. ಚಾಕಲೇಟ್ ಸಿಗುತ್ತದೆ, ಮನೆಯವರಿಗೂ ಸಂತೋಷವಾಗುತ್ತದೆ. ಹೊಟ್ಟೆಯೊಳಗೆ ಮಾತ್ರ ಕಾಯಿಲೆ ಬೆಳೆಯುತ್ತದೆ. ಮೂರು ದಿನಗಳ ಮೇಲೆ ಎಲ್ಲವೂ ಒಮ್ಮೆಗೇ ಕೆಡುತ್ತದೆ, ಆಗ "ಚಾಕಲೇಟ್ ತಿಂದೂ ಹಿಂಗ ಮಾಡಿದಿ" ಎಂಬ ಬೈಗುಳ. ಬೇಡದ್ದನ್ನೇ ಕಲಿಸಿ ಅದಕ್ಕೆ ಇನಾಮು ಕೊಟ್ಟಂತಾಯಿತು.

ಆದ್ದರಿಂದ ಬಹುಮಾನಕ್ಕಿಂತ ಮೊದಲು ಹೊಟ್ಟೆ ಸರಿಯಾಗಬೇಕು. ಮಲ ಮೆತ್ತಗಾಗಿ, ನೋವಿಲ್ಲದೆ ಹೋಗತೊಡಗಬೇಕು. ನಮ್ಮ ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯದ ಊಟದಲ್ಲಿ ನಾರಿಗೆ ಕೊರತೆಯಿಲ್ಲ. ಆದರೆ ಆ ತಟ್ಟೆ ದೊಡ್ಡವರ ಮುಂದಿರುತ್ತದೆ, ಮಗುವಿನ ಕೈಯಲ್ಲಿ ಐದು ರೂಪಾಯಿಯ ಚಿಪ್ಸ್ ಪೊಟ್ಟಣ ಅಥವಾ ಬಿಸ್ಕತ್ತು ಇರುತ್ತದೆ. "ಊಟಾನ ಮಾಡೂದಿಲ್ರಿ, ಹಾಲಿನ ಮ್ಯಾಲೇ ಅದಾನ" ಎನ್ನುವ ತಾಯಂದಿರೂ ಬಹಳ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುವ ಮಗುವಿಗೆ ಊಟದ ಹಸಿವೇ ಇರುವುದಿಲ್ಲ. ರೊಟ್ಟಿಯನ್ನು ಬೇಳೆ ಸಾರಿನಲ್ಲಿ ನೆನೆಸಿ ಕೊಡಿ, ಪೇರಲ, ಪಪ್ಪಾಯಿ ಕೊಡಿ, ಬಿಸಿಲಿನ ದಿನಗಳಲ್ಲಿ ಕೇಳುವ ಮೊದಲೇ ನೀರು ಕೊಡಿ. ಮಲಬದ್ಧತೆ ಹಳೆಯದಾಗಿದ್ದರೆ ಆಹಾರವೊಂದೇ ಸಾಲದು. ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಔಷಧವನ್ನು ವೈದ್ಯರು ಹೇಳಿದ ಅಳತೆಯಲ್ಲಿ ತಿಂಗಳುಗಟ್ಟಲೆ ಕೊಡಬೇಕಾಗಬಹುದು. ರೂಢಿ ಬಿದ್ದೀತೆಂಬ ಹೆದರಿಕೆ ಬೇಡ, ಇವು ಮಲದಲ್ಲಿ ನೀರಿನ ಅಂಶ ಉಳಿಸುತ್ತವೆ, ಅಷ್ಟೇ. ಹತ್ತು ದಿನಕ್ಕೆ ಗುಣವಾಯಿತೆಂದು ನಿಲ್ಲಿಸಿಬಿಡುವುದೇ ಸಾಮಾನ್ಯವಾಗಿ ನಡೆಯುವ ತಪ್ಪು. ಹಿಗ್ಗಿದ ಮಲಾಶಯ ಮೊದಲಿನಂತಾಗಲು ಕಾಲ ಬೇಕು.

ಇಲ್ಲಿ ಒಂದು ಮಾತು. ಸಾಬೂನಿನ ಚೂರನ್ನೋ, ಎಣ್ಣೆ ಹಚ್ಚಿದ ವೀಳ್ಯದೆಲೆಯ ತೊಟ್ಟನ್ನೋ ಗುದದ್ವಾರದಲ್ಲಿ ಇಡುವ ಪದ್ಧತಿ ಇನ್ನೂ ಹೋಗಿಲ್ಲ. ಅಂದಿನ ಮಟ್ಟಿಗೆ ಮಲ ಬರುತ್ತದೆ, ನಿಜ. ಆದರೆ ಆ ಜಾಗವೆಂದರೆ ಮಗುವಿಗೆ ಮತ್ತಷ್ಟು ಭಯ ಹುಟ್ಟುತ್ತದೆ. ಔಡಲೆಣ್ಣೆ ಕುಡಿಸುವುದೂ ಬೇಡ.

ಹೊಟ್ಟೆ ಸರಿಯಾಯಿತು ಎಂದಿಟ್ಟುಕೊಳ್ಳಿ. ಈಗ ಬಹುಮಾನ ಕೆಲಸಕ್ಕೆ ಬರುತ್ತದೆ. ಇದೇನೂ ಹೊಸ ಉಪಾಯವಲ್ಲ. 1974ರಲ್ಲಿಯೇ ಅಮೆರಿಕದ ಮನಶ್ಶಾಸ್ತ್ರಜ್ಞರಾದ ನೇಥನ್ ಆಜ್ರಿನ್ ಮತ್ತು ರಿಚರ್ಡ್ ಫಾಕ್ಸ್ ಒಂದು ದಿನದೊಳಗೆ ಮಗುವಿಗೆ ಶೌಚದ ಅಭ್ಯಾಸ ಕಲಿಸಬಹುದೆಂದು ಪುಸ್ತಕ ಬರೆದು, ಹೆಜ್ಜೆಹೆಜ್ಜೆಗೂ ತಿಂಡಿ ಮತ್ತು ಹೊಗಳಿಕೆ ಕೊಡುವ ಕ್ರಮವನ್ನು ಪ್ರಚಾರ ಮಾಡಿದರು. ಒಂದೇ ದಿನ ಎಂಬ ಅವಸರ ನನಗೆ ಒಪ್ಪಿಗೆಯಿಲ್ಲ. ಹೆಜ್ಜೆಹೆಜ್ಜೆಗೂ ಮೆಚ್ಚುಗೆ ಎಂಬುದು ಒಪ್ಪಿಗೆ. ಇದರ ಇನ್ನೊಂದು ಮುಖವನ್ನು ಅದಕ್ಕೂ ಹಿಂದಿನ ವರ್ಷ, 1973ರಲ್ಲಿ, ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ತೋರಿಸಿದ್ದರು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಕೊಟ್ಟರು. ಕೆಲವು ದಿನಗಳ ನಂತರ ನೋಡಿದರೆ, ಬಹುಮಾನದ ಮಾತೇ ಕೇಳದಿದ್ದ ಮಕ್ಕಳಿಗಿಂತ ಆ ಮಕ್ಕಳು ಕಡಿಮೆ ಚಿತ್ರ ಬಿಡಿಸುತ್ತಿದ್ದರು. ಮಗು ತಾನಾಗಿ ಖುಷಿಯಿಂದ ಮಾಡುತ್ತಿರುವುದಕ್ಕೆ ಕೂಲಿ ಕೊಡಬೇಡಿ ಎಂದು ಇದರಿಂದ ತಿಳಿಯಬೇಕು. ಹೆದರಿಕೆಯಿಂದಲೋ ಬೇಸರದಿಂದಲೋ ಮಾಡಲೊಲ್ಲದ ಕೆಲಸಕ್ಕೆ ಮಾತ್ರ ಬಹುಮಾನದ ಊರುಗೋಲು ಬೇಕು. ಅದೂ ಸ್ವಲ್ಪ ದಿನ.

ದೊಡ್ಡವರದೂ ಇದೇ ಕಥೆಯಲ್ಲವೇ? ಬಯಲುಶೌಚ ಬಿಟ್ಟ ಗ್ರಾಮ ಪಂಚಾಯಿತಿಗಳಿಗಾಗಿ ಕೇಂದ್ರ ಸರ್ಕಾರ 2003ರಲ್ಲಿ ನಿರ್ಮಲ ಗ್ರಾಮ ಪುರಸ್ಕಾರ ಆರಂಭಿಸಿತು. ಪುರಸ್ಕಾರ ಬಂದು, ಫಲಕ ಹಾಕಿ, ಹಾರ ಹಾಕಿಸಿಕೊಂಡ ಎಷ್ಟೋ ಊರುಗಳಲ್ಲಿ ಮತ್ತೆ ಜನ ತಂಬಿಗೆ ಹಿಡಿದು ಹೊರಟರು. ನೀರಿಲ್ಲದ ಸಂಡಾಸದಲ್ಲಿ ಕಟ್ಟಿಗೆ-ಕುಳ್ಳು ತುಂಬಿಟ್ಟರು. ಐವತ್ತು ವರ್ಷದ ಯಜಮಾನರನ್ನು ಹಣ ಕೊಟ್ಟು ಬದಲಿಸಲಾಗದಿದ್ದಾಗ, ಮೂರು ವರ್ಷದ ಮಗು ಒಂದು ಚಾಕಲೇಟಿಗೆ ಬದಲಾಗಲಿಲ್ಲವೆಂದು ಸಿಟ್ಟಾಗುವುದು ಯಾವ ನ್ಯಾಯ?

ಹಾಗಾದರೆ ಬಹುಮಾನ ಯಾವುದಕ್ಕೆ? ಮಗುವಿನ ಕೈಯಲ್ಲಿ ಆಗುವ ಕೆಲಸಕ್ಕೆ. ಮಲ ಬರುವುದು, ಚೊಣ್ಣ ಒಣಗಿರುವುದು ಅದರ ಕೈಯಲ್ಲಿಲ್ಲ. ಹೋಗಿ ಕೂರುವುದು ಅದರ ಕೈಯಲ್ಲಿದೆ. ಬಂದಾಗ ಹೇಳುವುದು, ತೊಯ್ದ ಮೇಲಾದರೂ ಮುಚ್ಚಿಡದೆ ಬಂದು ಹೇಳುವುದು, ಕೈ ತೊಳೆದುಕೊಳ್ಳುವುದು ಅದರ ಕೈಯಲ್ಲಿವೆ. ಹಾಸಿಗೆ ತೋಯಿಸುವ ಮಕ್ಕಳ ಬಗ್ಗೆ ಬ್ರಿಟನ್ನಿನ ನೈಸ್ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಬಹುಮಾನ ಒಣ ರಾತ್ರಿಗಲ್ಲ, ಮಲಗುವ ಮೊದಲು ಮೂತ್ರಕ್ಕೆ ಹೋಗಿಬರುವುದು, ಹಗಲಲ್ಲಿ ಸಾಕಷ್ಟು ನೀರು ಕುಡಿಯುವುದು ಇಂತಹ ಒಪ್ಪಿಕೊಂಡ ಕೆಲಸಗಳಿಗೆ. ಒಮ್ಮೆ ಕೊಟ್ಟದ್ದನ್ನು ಕಿತ್ತುಕೊಳ್ಳಬಾರದೆಂದೂ ಅದು ಹೇಳುತ್ತದೆ. ನಿದ್ದೆಯಲ್ಲಿರುವ ಮಗುವಿಗೆ ಆಸೆ ತೋರಿಸಿ ಪ್ರಯೋಜನವೇನು?

ಕ್ರಮ ಹೀಗಿರಲಿ. ಊಟವಾದ ಮೇಲೆ ಕರುಳು ತಾನಾಗಿ ಚಲಿಸುತ್ತದೆ, ಇದು ಪ್ರಕೃತಿಯ ಏರ್ಪಾಡು. ಆದ್ದರಿಂದ ಬೆಳಗಿನ ತಿಂಡಿ ಮತ್ತು ರಾತ್ರಿಯ ಊಟವಾಗಿ ಅರ್ಧ ಗಂಟೆಯೊಳಗೆ ಮಗುವನ್ನು ಐದು ನಿಮಿಷ ಕೂರಿಸಿ. ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಸಂಡಾಸದ ಭಯವಿದ್ದರೆ ಮೊದಲ ಕೆಲವು ದಿನ ಅಂಗಳದಲ್ಲಿಯೇ ಮಕ್ಕಳ ಪಾಟಿಯ ಮೇಲೆ ಕೂರಿಸಿ. ಆಮೇಲೆ ಅದನ್ನು ಸಂಡಾಸದ ಬಾಗಿಲ ಬಳಿಗೆ ತನ್ನಿ, ಆಮೇಲೆ ಒಳಗೆ. ದೀಪ ಹಾಕಿ, ಬಾಗಿಲು ತೆರೆದಿರಲಿ, ನೀವೂ ಅಲ್ಲೇ ಕುಳಿತು ಮಾತಾಡಿಸಿ. ಪಾದಗಳು ನೆಲಕ್ಕೆ ಗಟ್ಟಿಯಾಗಿ ಊರಿರಬೇಕು. ಪಟ್ಟಣದ ಮನೆಗಳಲ್ಲಿ ಕುರ್ಚಿಯಂತಹ ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಮಣೆ ಇಡಿ, ಕಾಲು ಜೋತಾಡುತ್ತಿದ್ದರೆ ಮಗುವಿಗೆ ಒತ್ತಡ ಹಾಕಲು ಬರುವುದಿಲ್ಲ. ನೀರು ಸುರಿಯುವುದು ಮಗು ಹೊರಬಂದ ಮೇಲೆ. ಕೂತಾಗ ಎರಡಕ್ಕೆ ಬಂದಿತೋ ಇಲ್ಲವೋ ಲೆಕ್ಕಕ್ಕಿಲ್ಲ, ಕೂತದ್ದಕ್ಕೆ ಬಹುಮಾನ. ಅಲ್ಲೇ, ಆಗಲೇ ಕೊಡಬೇಕು. "ರವಿವಾರ ಸಂತಿಗೆ ಕರಕೊಂಡು ಹೋಗ್ತೀನಿ" ಎಂದರೆ ಮೂರು ವರ್ಷದ ಮಗುವಿಗೆ ರವಿವಾರವೆಂದರೆ ಏನೆಂದೇ ಗೊತ್ತಿರುವುದಿಲ್ಲ.

ಏನು ಕೊಡಬೇಕು? ಚಿಕ್ಕದನ್ನು. ಮನೆಯಲ್ಲಿ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಇದೆ, ತಾಯಿಯ ಟಿಕಳಿ ಪಾಕೀಟು ಇದೆ. ಕೂತು ಬಂದಾಗಲೆಲ್ಲ ಅಂದಿನ ತಾರೀಖಿನ ಮೇಲೆ ಮಗು ತನ್ನ ಕೈಯಾರೆ ಒಂದು ಬಣ್ಣದ ಟಿಕಳಿ ಅಂಟಿಸಲಿ. ಸಂಜೆ ಅಪ್ಪ ಮನೆಗೆ ಬಂದಾಗ ಅದನ್ನು ತೋರಿಸಲಿ, ಅಪ್ಪ ಮೊಬೈಲ್ ಕೆಳಗಿಟ್ಟು ನೋಡಲಿ. ನಾಲ್ಕು ಟಿಕಳಿಯಾದರೆ ಟ್ರ್ಯಾಕ್ಟರ್ ಮೇಲೆ ಅಪ್ಪನ ಜೊತೆ ಸ್ವಲ್ಪ ಹೊತ್ತು ಕೂರುವುದು (ನಿಂತ ಟ್ರ್ಯಾಕ್ಟರ್ ಮೇಲೆ, ಓಡುವುದರ ಮೇಲಲ್ಲ), ಅಜ್ಜನಿಂದ ಒಂದು ಹೆಚ್ಚಿನ ಕಥೆ ಇಷ್ಟು ಸಾಕು. ತಿನ್ನುವ ವಸ್ತು ಬೇಡ. ಚಾಕಲೇಟ್, ಚಿಪ್ಸ್ ಕೊಟ್ಟು ಊಟ ಕೆಡಿಸಿದರೆ ನಾವು ಹೊರಟಲ್ಲಿಗೇ ತಿರುಗಿ ಬಂದಂತೆ. ಎಣಿಸಲು ಕಡಲೆಕಾಳು, ಹುಣಸೆಬೀಜ, ಒಂದು ರೂಪಾಯಿ ನಾಣ್ಯ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಕಾಳು ಮೂಗಿನಲ್ಲಿ, ನಾಣ್ಯ ಗಂಟಲಲ್ಲಿ ಸಿಕ್ಕಿಕೊಂಡರೆ ಹುಬ್ಬಳ್ಳಿಗೆ ಓಡಬೇಕಾಗುತ್ತದೆ.

ಹೊಗಳುವಾಗಲೂ ಕೆಲಸದ ಹೆಸರು ಹೇಳಿ ಹೊಗಳಿ. "ನಮ್ಮ ರಾಜಾ ಶಾಣ್ಯಾ" ಎಂದರೆ ಮಗುವಿಗೆ ಏನನ್ನು ಮೆಚ್ಚಿದರೆಂದು ತಿಳಿಯದು. "ಉಂಡಕೂಡ್ಲೆ ತಾನಾ ಹೋಗಿ ಕುಂತ ಬಂದಿ, ಚಲೋ ಆತು" ಎನ್ನಿ. ತಪ್ಪಿದ ದಿನ ಟಿಕಳಿ ಕೀಳಬೇಡಿ, ಅಣ್ಣನ ಜೊತೆಗೋ ಕಾಕಾನ ಮಗಳ ಜೊತೆಗೋ ಹೋಲಿಸಬೇಡಿ. "ಇರಲಿ, ಚೊಣ್ಣ ಬದಲಿ ಮಾಡೂಣು ಬಾ" ಎಂದಷ್ಟೇ ಹೇಳಿ ಮುಗಿಸಿ. ಇನ್ನೊಂದು ಮುಖ್ಯ ಮಾತು, ಮನೆಯವರೆಲ್ಲರ ಕ್ರಮ ಒಂದೇ ಇರಬೇಕು. ಅವ್ವ ಟಿಕಳಿ ಕೊಟ್ಟು, ಅಜ್ಜಿ ಗದರಿಸಿ, ಅಪ್ಪ ಪ್ಯಾಟಿಯಿಂದ ಚಿಪ್ಸ್ ತಂದರೆ ಮಗು ಯಾರನ್ನು ನಂಬಬೇಕು? ಮಗುವನ್ನು ಹೆಚ್ಚು ಹೊತ್ತು ನೋಡಿಕೊಳ್ಳುವವರು ಅಜ್ಜಿಯಾಗಿದ್ದರೆ ಟಿಕಳಿ ಪಾಕೀಟು ಅಜ್ಜಿಯ ಕೈಯಲ್ಲಿಯೇ ಇರಲಿ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತಾಳ್ಮೆ ಅವರಲ್ಲಿಯೇ ಇರುತ್ತದೆ ಎಂಬುದು ನನ್ನ ಅನುಭವ.

"ಇದು ಲಂಚ ಆಗಲಿಲ್ಲೇನ್ರಿ ಡಾಕ್ಟರ? ನಾವೇನು ಟಿಕಳಿ ಹಚ್ಚಿಸಿಕೊಂಡು ಬೆಳದೇವೇನು?" ಎಂದು ಹಿರಿಯರೊಬ್ಬರು ಕೇಳಿದ್ದುಂಟು. ಪ್ರಶ್ನೆ ಸರಿಯಾದದ್ದೇ. ಅಳುವ ಮಗುವಿನ ಬಾಯಿ ಮುಚ್ಚಿಸಲು ಕೊಡುವುದು ಲಂಚ, ಕೆಲಸ ಮಾಡಿ ಬಂದ ಮೇಲೆ ಕೊಡುವುದು ಮೆಚ್ಚುಗೆ. ಹಿಂದಿನ ಕಾಲದ ತುಂಬಿದ ಮನೆಗಳಲ್ಲಿ ಮಗುವಿನ ಪ್ರತಿ ಹೆಜ್ಜೆಯನ್ನು ಮೆಚ್ಚುವವರು ಹತ್ತು ಮಂದಿ ಇದ್ದರು. ಇಂದು ಅದನ್ನು ಉದ್ದೇಶಪೂರ್ವಕವಾಗಿ ಮಾಡಬೇಕಾಗಿದೆ. ಆದರೆ ಅದೇ ಹಿಂದಿನ ಕಾಲದಲ್ಲಿ ತೊಯ್ದ ಕೌದಿಯನ್ನು ಮಗುವಿನ ತಲೆಯ ಮೇಲೆ ಹೊರಿಸಿ ಓಣಿಯಲ್ಲಿ ನಿಲ್ಲಿಸುತ್ತಿದ್ದುದೂ ಉಂಟು. ಬರೆ ಹಾಕುವ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ಬರೆ ಹಾಕಿದರೆ ಮೂತ್ರಕೋಶ ಬಲಿಯುವುದಿಲ್ಲ. ಹೆದರಿದ ಮಗು ಇನ್ನೂ ಹೆಚ್ಚು ತಡೆಯುತ್ತದೆ, ಇನ್ನೂ ಹೆಚ್ಚು ಸೋರುತ್ತದೆ. ಅಲ್ಲದೆ ಮಗುವಿಗೆ ಹೀಗೆ ಹಿಂಸೆ ಕೊಡುವುದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ, ಕೊಟ್ಟವರು ಹೆತ್ತವರಾದರೂ ಸರಿ.

ಎರಡು-ಮೂರು ವಾರ ಮಗು ಕರೆಯದೆಯೇ ಹೋಗಿ ಕೂರತೊಡಗಿದರೆ ಟಿಕಳಿಯನ್ನು ದಿನಕ್ಕೊಂದು ಮಾಡಿ, ಆಮೇಲೆ ಎರಡು ದಿನಕ್ಕೊಂದು. ಸಾಮಾನ್ಯವಾಗಿ ಮಗುವೇ ಅದನ್ನು ಮರೆತುಬಿಡುತ್ತದೆ. ನೀವು ನೆನಪಿಸಬೇಡಿ. ಮೂರು ವಾರವಾದರೂ ಕೂರಲು ಒಲ್ಲದಿದ್ದರೆ ಇನಾಮನ್ನು ದೊಡ್ಡದು ಮಾಡುತ್ತಾ ಹೋಗಬೇಡಿ, ಸೈಕಲ್ಲಿನವರೆಗೆ ಹೋದವರನ್ನು ಕಂಡಿದ್ದೇನೆ. ಒಂದು ತಿಂಗಳು ಎಲ್ಲವನ್ನೂ ಬಿಟ್ಟು, ಹೊಟ್ಟೆ ಮೆತ್ತಗಿರುವಂತೆ ಮಾತ್ರ ನೋಡಿಕೊಂಡು, ಮತ್ತೆ ಮೊದಲಿನಿಂದ ಆರಂಭಿಸಿ.

ಕೆಲವು ಲಕ್ಷಣಗಳಿಗೆ ಮಾತ್ರ ಟಿಕಳಿ ನೆಚ್ಚಿಕೊಂಡು ಕೂರಬಾರದು. ಮೂತ್ರ ಮಾಡುವಾಗ ಉರಿಯೆಂದು ಅಳುವುದು, ಕಾರಣವಿಲ್ಲದೆ ಜ್ವರ ಬರುವುದು ಮೂತ್ರದ ಸೋಂಕಿರಬಹುದು, ಮೂತ್ರ ಪರೀಕ್ಷೆ ಮಾಡಿಸಬೇಕು. ಒಮ್ಮೆಲೇ ವಿಪರೀತ ನೀರಡಿಕೆ, ಗಳಿಗೆಗೊಮ್ಮೆ ಮೂತ್ರ, ಜೊತೆಗೆ ಮಗು ಸೊರಗುತ್ತಿದ್ದರೆ ಅದು ಮಕ್ಕಳ ಸಕ್ಕರೆ ಕಾಯಿಲೆಯ ಲಕ್ಷಣವಾಗಿರಬಹುದು. ಅಂದೇ, ಆ ಗಳಿಗೆಯೇ ರಕ್ತ ಪರೀಕ್ಷೆಯಾಗಬೇಕು, ನಾಳೆ ಎನ್ನಬೇಡಿ. ಮೂತ್ರ ಸದಾ ತೊಟ್ಟಿಕ್ಕುತ್ತಿದ್ದರೆ, ನಡಿಗೆ ಬದಲಾಗಿದ್ದರೆ, ಸೊಂಟದ ಮೇಲೆ ಗುಳಿಯೋ ಕೂದಲಿನ ಗೊಂಚಲೋ ಇದ್ದರೆ, ಹುಟ್ಟಿದಾಗಿನಿಂದಲೇ ಮಲಬದ್ಧತೆಯಿದ್ದರೆ, ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಮಕ್ಕಳ ತಜ್ಞರಿಗೆ ತೋರಿಸಿ. ಯಾರಾದರೂ ಮೈಮುಟ್ಟಿದರೆ ಬೆಚ್ಚಿಬೀಳುವುದು, ಒಬ್ಬ ವ್ಯಕ್ತಿಯನ್ನು ಕಂಡರೆ ಹೆದರುವುದು ಇದ್ದರೆ ಮಗುವಿನೊಡನೆ ಮೆಲ್ಲಗೆ ಮಾತಾಡಿ, ಮುಚ್ಚಿಡದೆ ವೈದ್ಯರಿಗೆ ಹೇಳಿ. ಐದು ವರ್ಷ ದಾಟಿಯೂ ರಾತ್ರಿ ತೋಯಿಸುವ ಮಗುವಿಗೆ ಬೇರೆ ಚಿಕಿತ್ಸೆಗಳಿವೆ, ಅವುಗಳನ್ನು ಇನ್ನೊಂದು ವಾರ ಬರೆಯುತ್ತೇನೆ.

ಅಂಗನವಾಡಿಗೆ ಹೋಗುವ ಮಗುವಾದರೆ ಅಲ್ಲಿನ ಕಾರ್ಯಕರ್ತೆಗೆ ವಿಷಯ ತಿಳಿಸಿಡಿ. ನಾಚಿಕೆಪಡುವಂತಹುದು ಏನೂ ಇಲ್ಲ, ಅವರು ಇಂತಹ ಹತ್ತು ಮಕ್ಕಳನ್ನು ಕಂಡಿರುತ್ತಾರೆ. ಅಲ್ಲಿಯ ಊಟವಾದ ಮೇಲೆ ಒಮ್ಮೆ ಕೂರಿಸಲು ಕೇಳಿಕೊಳ್ಳಿ, ಮಗುವಿನ ಚೀಲದಲ್ಲಿ ಎರಡು ಚೊಣ್ಣ, ತೊಯ್ದದ್ದನ್ನು ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ ಚೀಲ ಇಟ್ಟು ಕಳಿಸಿ.